ಮುಕ್ತಿನಾಥಕ್ಕೆಂದು ಬರೆದುಕೊಟ್ಟ ನಾಲ್ಕು ಪುಟ

ಎರಡು ವರ್ಷದ ಹಿಂದಿನ ಮಾರ್ಚ್ ತಿಂಗಳು. ಡೆಟ್ರಾಯಿಟ್ ಹತ್ತಿರದ ನಮ್ಮ ಊರು ನೋವೈನಲ್ಲಿ ರಸ್ತೆಬದಿಯ ಹಿಮ ಕರಗಿ ಕೆಸರಾಗುತ್ತಿದ್ದ ದಿನಗಳು. ಪ್ಲೇನ್‌ಫೀಲ್ಡ್‌ನಿಂದ ಗಿರೀಶ ಫೋನ್ ಮಾಡಿದ. ಅವನು ಬೆಂಗಳೂರಿನ ಹುಡುಗ, ಹಿಂದೆ ಡೆಟ್ರಾಯಿಟ್‌ನಲ್ಲಿ ನನ್ನ ಜೊತೆ ಕೆಲಸ ಮಾಡಿದವನು, ಈಗ ಶಿಕಾಗೋ ಕಡೆ ಐಟಿಯಲ್ಲಿದ್ದಾನೆ.

"ಸರ್, ಏಪ್ರಿಲ್‌ನಲ್ಲಿ ನಾವು ಏಳು ಜನ ನೇಪಾಳಕ್ಕೆ ಹೋಗ್ತಿದೀವಿ. ಪಶುಪತಿನಾಥ, ಪೋಖರಾ, ಮುಕ್ತಿನಾಥ. ನೀವು ಹೋಗಿ ಬಂದಿದೀರಲ್ಲ, ಏನೇನು ಬೇಕು, ಹೇಗೆ ಹೋಗಬೇಕು ಅಂತ ಸ್ವಲ್ಪ ಬರೆದುಕೊಡಿ. ಕನ್ನಡದಲ್ಲೇ ಬರೀರಿ ಸರ್. ನಮ್ಮ ಗುಂಪಲ್ಲಿ ದೊಡ್ಡವರಿದಾರೆ, ವೆಬ್‌ಸೈಟ್ ಕಳಿಸಿದ್ರೆ ಯಾರೂ ಓದಲ್ಲ."

ನಾನು ಒಪ್ಪಿಕೊಂಡೆ. ಒಪ್ಪಿಕೊಳ್ಳುವಾಗ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು. ನಾನೂ ನನ್ನ ಹೆಂಡತಿ ವಸುಧಾಳೂ ನೇಪಾಳಕ್ಕೆ ಹೋಗಿದ್ದು ಅದಕ್ಕೂ ಆರು ವರ್ಷ ಹಿಂದೆ. ಅವಳು ಹೋಗಿದ್ದು ದೇವಸ್ಥಾನಕ್ಕೆ, ನಾನು ಹೋಗಿದ್ದು ಬೆಟ್ಟ ನೋಡಲು. ನಾನು ದೇವರನ್ನು ನಂಬುವವನಲ್ಲ. ಮೈಸೂರಿನಲ್ಲಿ ಭೌತಶಾಸ್ತ್ರ ಓದಿದೆ, ಇಲ್ಲಿಗೆ ಬಂದು ಎಂಜಿನಿಯರ್ ಆದೆ. ಕಾರುಗಳ ಬ್ರೇಕ್ ಪರೀಕ್ಷೆ ಮಾಡುವುದು ನನ್ನ ಕೆಲಸ. ಮೂರು ಸಲ ಅಳೆಯದೆ ಯಾವ ವರದಿಗೂ ಸಹಿ ಹಾಕುವುದಿಲ್ಲ. ಯಾರು ಏನೇ ಹೇಳಿದರೂ "ನಿಮಗೆ ಹೇಗೆ ಗೊತ್ತು?" ಎಂದು ಕೇಳುವುದು ನನ್ನ ಹಳೆಯ ಚಾಳಿ. ಇದರಿಂದ ಎಷ್ಟೋ ಮನೆಗಳಲ್ಲಿ ಊಟದ ಹೊತ್ತಿಗೆ ಮಾತು ನಿಂತುಹೋದದ್ದಿದೆ.

ಎರಡು ಸಂಜೆ ಕೂತು ನಾಲ್ಕು ಪುಟ ಬರೆದೆ. ಕಾಠ್ಮಂಡು ವಿಮಾನ ನಿಲ್ದಾಣದಲ್ಲಿ ವೀಸಾ ಹೇಗೆ ಕೊಡುತ್ತಾರೆ, ಡಾಲರ್ ನೋಟು ಯಾಕೆ ಮಡಿಕೆಯಿಲ್ಲದ ಹೊಸದೇ ಇರಬೇಕು, ಪಾಸ್‌ಪೋರ್ಟ್ ಅಳತೆಯ ನಾಲ್ಕು ಫೋಟೊ ಯಾಕೆ ಕೈಯಲ್ಲೇ ಇರಬೇಕು ಎಂದು ವಿವರಿಸಿದೆ. ನಲ್ಲಿ ನೀರು ಕುಡಿಯಬೇಡಿ ಎಂದೆ. ಬೆನ್ನುನೋವು ಇರುವವರು ಜೀಪಿಗೆ ಒಂದು ದಿಂಬು ತರಲಿ ಎಂದೆ. ಕಾಳಿ ಗಂಡಕಿ ಕಣಿವೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದು ಕಣ್ಣು, ಮೂಗಿಗೆಲ್ಲ ಧೂಳು ತುಂಬುತ್ತದೆ, ಮಾಸ್ಕ್ ಇರಲಿ ಎಂದೂ ಬರೆದೆ. ಮೂರನೆಯ ಪುಟದಲ್ಲಿ ಎತ್ತರದ ವಿಷಯ ಬಂತು. ಆ ಸಾಲುಗಳು ನನಗೆ ಇವತ್ತಿಗೂ ಬಾಯಿಪಾಠ.

"ಮುಕ್ತಿನಾಥ ಸುಮಾರು ಹನ್ನೆರಡು ಸಾವಿರ ಅಡಿ ಎತ್ತರದಲ್ಲಿದೆ. ಪೋಖರಾದಿಂದ ಬೆಳಗ್ಗೆ ಜೀಪಿನಲ್ಲಿ ಹೊರಟರೆ ಸಂಜೆಗೆ ದೇವಸ್ಥಾನದ ಕೆಳಗಿನ ಊರು ರಾಣಿಪೌವಾ ತಲುಪಬಹುದು. ಸ್ವಲ್ಪ ತಲೆನೋವು ಬರಬಹುದು, ಮಲಗಿದರೆ ಹೋಗುತ್ತದೆ. ನಾವು ಒಂದೇ ದಿನದಲ್ಲಿ ಹೋದೆವು, ಮರುದಿನ ಬೆಳಗ್ಗೆ ದರ್ಶನ ಮಾಡಿದೆವು. ಏನೂ ಆಗಲಿಲ್ಲ."

ಬರೀ ಪುಟ ಕಳಿಸಿದರೆ ಸಾಲದು, ಬಂದು ಮಾತಾಡಬೇಕು ಎಂದು ಗಿರೀಶ ಹಟ ಹಿಡಿದ. ಒಂದು ಭಾನುವಾರ ನಾನೂ ವಸುಧಾಳೂ ಐದು ಗಂಟೆ ಡ್ರೈವ್ ಮಾಡಿಕೊಂಡು ಹೋದೆವು. ಅವರೆಲ್ಲ ಅರೋರಾದ ಬಾಲಾಜಿ ದೇವಸ್ಥಾನ ಮುಗಿಸಿಕೊಂಡು ಗಿರೀಶನ ಮನೆಯಲ್ಲಿ ಸೇರಿದ್ದರು. ಬಿಸಿಬೇಳೆ ಬಾತಿನ ತಟ್ಟೆ ಕೈಯಲ್ಲಿ ಹಿಡಿದೇ ಪ್ರಶ್ನೆ ಶುರುವಾಯಿತು.

"ಸರ, ಅಲ್ಲೆ ರೊಟ್ಟಿ ಸಿಗತಾವೇನ್ರಿ?" ಎಂದು ಕೇಳಿದವರು ಧಾರವಾಡದ ಬಸವರಾಜ್, ಗಿರೀಶನ ಪಕ್ಕದ ಬಡಾವಣೆಯವರು.

"ರೊಟ್ಟಿ ಇಲ್ಲ. ಅನ್ನ, ಬೇಳೆ. ಮೂರು ಹೊತ್ತೂ ಅದೇ."

"ಹಂಗಾದ್ರ ಒಂದ್ ಡಬ್ಬಿ ಶೇಂಗಾ ಹಿಂಡಿ ಒಯ್ಯೋದ ಆತು. ದೇವರ ಮ್ಯಾಲ ಭರೋಸಾ ಐತ್ರಿ, ನೇಪಾಳದ ಅಡಿಗಿ ಮ್ಯಾಲ ಇಲ್ಲ."

ಎಲ್ಲರೂ ನಕ್ಕರು. ನಗದೆ ಕೂತಿದ್ದವರು ಅನಂತು ಅಂಕಲ್ ಒಬ್ಬರೇ. ಎಪ್ಪತ್ತೆರಡು ವರ್ಷ, ಮೈಸೂರಿನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದವರು, ಪ್ಲೇನ್‌ಫೀಲ್ಡ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ಹಿಂದಿನ ವರ್ಷವಷ್ಟೇ ಅವರ ಹೆಂಡತಿ ಸರೋಜಾ ಆಂಟಿ ತೀರಿಕೊಂಡಿದ್ದರು. ಆಂಟಿ ದಿನಾ ಪೂಜೆ ಮಾಡುತ್ತಿದ್ದ ಸಾಲಿಗ್ರಾಮ ಸಿಗುವುದು ಮುಕ್ತಿನಾಥದ ಪಕ್ಕದ ಕಾಳಿ ಗಂಡಕಿ ನದಿಯಲ್ಲೇ. ಬದುಕಿನಲ್ಲಿ ಒಂದು ಸಲ ಅಲ್ಲಿಗೆ ಹೋಗಬೇಕು ಎಂಬುದು ಆಂಟಿಯ ಆಸೆಯಾಗಿತ್ತು.

"ಮುಂದಿನ ವರ್ಷ ಹೋಗೋಣ ಅಂತ ಹದಿನೈದು ವರ್ಷ ಹೇಳಿದೆ ಕಣಯ್ಯ," ಎಂದರು ಅಂಕಲ್. "ಅವಳು ಒಂದು ದಿನಾನೂ ಯಾಕೆ ಹೋಗ್ಲಿಲ್ಲ ಅಂತ ಕೇಳ್ಲಿಲ್ಲ. ಈಗ ಅವಳ ಹೆಸರಲ್ಲಿ ಹೋಗಿ ಆ ನೀರಲ್ಲಿ ನಿಂತು ಬರಬೇಕು. ಅಷ್ಟೇ ನಂಗೆ ಇರೋದು."

ಆಮೇಲೆ ನಾಲ್ಕು ಪುಟಗಳನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಾ ಹೇಳಿದರು: "ರಘು, ಇವರೆಲ್ಲ ನಿನ್ನನ್ನ ನಾಸ್ತಿಕ ಅಂತಾರೆ. ನಾನು ನಿನ್ನ ಮಾತು ನಂಬೋದೇ ಅದಕ್ಕೆ. ಕಣ್ಣಲ್ಲಿ ನೋಡದೇ ಇರೋದನ್ನ ನೀನು ಹೇಳೋನಲ್ಲ."

ಆ ಹೊತ್ತಿಗೆ ವಸುಧಾ ನನ್ನ ಕಡೆ ತಿರುಗಿ ಮೆಲ್ಲಗೆ, "ರೀ, ನಾವು ಒಂದೇ ದಿನ ಹೋಗಿ ದರ್ಶನ ಮಾಡಿದ್ವಾ? ಮಧ್ಯೆ ಮಾರ್ಫಾದಲ್ಲಿ ಎರಡು ರಾತ್ರಿ ಇದ್ವಲ್ಲ," ಎಂದಳು. ಮಾರ್ಫಾ ಎಂದರೆ ದಾರಿಯಲ್ಲಿ ಮೂರು ಸಾವಿರ ಅಡಿ ಕೆಳಗಿರುವ ಒಂದು ಹಳ್ಳಿ. ಸುತ್ತ ಸೇಬಿನ ತೋಟಗಳಿವೆ.

"ಅದು ವಾಪಸ್ ಬರುವಾಗ," ಎಂದೆ.

"ವಾಪಸ್ ಬರುವಾಗಲೂ ಹೌದು, ಆದ್ರೆ..." ಎಂದವಳು ಸುತ್ತ ಕೂತಿದ್ದವರನ್ನು ನೋಡಿದಳು. "ಇರಬಹುದು ಬಿಡಿ."

ಮನೆಗೆ ಮರಳುವಾಗ ಹೆದ್ದಾರಿಯಲ್ಲಿ ಅವಳು ಮತ್ತೆ ಆ ಮಾತು ತೆಗೆದಳು. "ನಿಮಗೆ ರಾಣಿಪೌವಾದಲ್ಲಿ ಹುಷಾರಿರಲಿಲ್ಲ. ಅದನ್ನೂ ಬರೀಬೇಕಿತ್ತು." ಸುಸ್ತಾಗಿತ್ತು ಅಷ್ಟೇ ಎಂದೆ. "ಫೋನಲ್ಲಿ ಫೋಟೊ ಇದೆ, ನೋಡಿ," ಎಂದಳು. ನೋಡೋಣ ಎಂದೆ. ಆದರೆ ನೋಡಲಿಲ್ಲ. ಊರಿನವರೆಲ್ಲರ ಹತ್ತಿರ ಪುರಾವೆ ಕೇಳುವ ನಾನು, ಜೇಬಿನಲ್ಲೇ ಇದ್ದ ಪುರಾವೆಯನ್ನು ತೆಗೆದು ನೋಡಲಿಲ್ಲ. ನೋಡುವ ಅಗತ್ಯವೇ ಕಾಣಲಿಲ್ಲ. ಆ ಪ್ರಯಾಣ ನನಗೆ ಅಷ್ಟು ಚೆನ್ನಾಗಿ ನೆನಪಿತ್ತು.

ಏಪ್ರಿಲ್‌ನಲ್ಲಿ ಅವರು ಹೊರಟರು. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರಗಳು ಬಂದವು. ಪಶುಪತಿನಾಥದ ಮೆಟ್ಟಿಲಲ್ಲಿ ಏಳು ಜನ, ಪೋಖರಾದ ಕೆರೆಯ ದೋಣಿಯಲ್ಲಿ ಬಸವರಾಜ್ ಮತ್ತು ಅವರ ಶೇಂಗಾ ಚಟ್ನಿಪುಡಿಯ ಡಬ್ಬಿ. ಮಧ್ಯದಲ್ಲಿ ಒಂದು ದಿನ ಏನೂ ಬರಲಿಲ್ಲ. ಅದರ ಮರುದಿನ ಬೆಳಗ್ಗೆ ಗಿರೀಶನಿಂದ ವಿಡಿಯೊ ಕರೆ ಬಂತು. ನೋವೈನಲ್ಲಿ ಬೆಳಗಿನ ಒಂಬತ್ತು ಗಂಟೆ ದಾಟಿತ್ತು, ಅಲ್ಲಿ ಸಂಜೆ ಏಳು. ನಾನು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ವಸುಧಾ ಒಲೆಯ ಹತ್ತಿರ ಇದ್ದಳು.

"ಸರ್, ಎಲ್ಲಾ ನೀವು ಬರೆದ ಹಾಗೇ ಇದೆ," ಎಂದ ಗಿರೀಶ. ಮೂಗು ಕೆಂಪಾಗಿತ್ತು, ಉಸಿರು ಬಿಟ್ಟರೆ ಹೊಗೆ ಬರುತ್ತಿತ್ತು. "ನಿನ್ನೆ ಸಂಜೆ ರಾಣಿಪೌವಾಕ್ಕೆ ಬಂದ್ವಿ. ಇವತ್ತು ಫಸ್ಟ್ ಕ್ಲಾಸ್ ದರ್ಶನ ಆಯ್ತು."

"ಅಂಕಲ್ ಎಲ್ಲಿ?"

"ಅಂಕಲ್ ಬರ್ಲಿಲ್ಲ ಸರ್. ರಾತ್ರಿಯಿಂದ ತಲೆನೋವು ಅಂತ ಮಲಗಿದ್ರು. ನಿಮ್ಮ ಪೇಪರಲ್ಲೇ ಇತ್ತಲ್ಲ, ಮಲಗಿದ್ರೆ ಹೋಗತ್ತೆ ಅಂತ. ಇವತ್ತು ಏಕಾದಶಿ ಬೇರೆ, ನೀರೂ ಮುಟ್ಟಿಲ್ಲ ಅವರು. ನಾಳೆ ದ್ವಾದಶಿ ಬೆಳಗ್ಗೆ ನೂರೆಂಟು ಧಾರೆ ಸ್ನಾನ ಮಾಡಿ, ದರ್ಶನ ಮಾಡಿ, ಆಮೇಲೇ ಪಾರಣೆಯಂತೆ." ಅವನು ದನಿ ತಗ್ಗಿಸಿದ. "ಸರ್, ಮಧ್ಯಾಹ್ನದಿಂದ ಅವರು ಬೇರೇನೇ ಲೋಕದಲ್ಲಿದಾರೆ. ಆಂಟಿ ಕಾಣಿಸ್ತಿದಾರೆ ಅವರಿಗೆ. ನಾವೆಲ್ಲ ಅತ್ತುಬಿಟ್ವಿ. ನೀವು ನಂಬಲ್ಲ ಗೊತ್ತು, ಆದ್ರೆ ಇದು ಕ್ಷೇತ್ರದ ಮಹಿಮೆ ಸರ್."

ಫೋನು ಕೋಣೆಯ ಒಳಕ್ಕೆ ತಿರುಗಿತು. ಮಂಚದ ಮೇಲೆ ಅಂಕಲ್ ಮಂಕಿ ಕ್ಯಾಪ್ ಹಾಕಿಕೊಂಡು, ರಗ್ಗು ಹೊದ್ದು ಕೂತಿದ್ದರು. ಮುಖದಲ್ಲಿ ಎಂಥದೋ ಒಂದು ಶಾಂತಿ ಇತ್ತು.

"ಸರೋಜ ಟಿಕೆಟ್ ತಗೊಂಡಳಾ?" ಎಂದರು.

"ತಗೊಂಡಿದಾರೆ ಅಂಕಲ್," ಎಂದು ಯಾರೋ ಹೇಳಿದರು. ಹಿಂದೆ ಒಬ್ಬ ಹೆಂಗಸು ಮೂಗೆಳೆದುಕೊಂಡ ಸದ್ದು ಕೇಳಿತು.

ಅರ್ಧ ನಿಮಿಷ ಆಗಿರಬಹುದು. "ಸರೋಜ ಟಿಕೆಟ್ ತಗೊಂಡಳಾ?" ಅದೇ ದನಿ, ಅದೇ ಏರಿಳಿತ.

ನಿಜ ಹೇಳಬೇಕೆಂದರೆ ಅದು ಕಾಯಿಲೆ ಎಂದು ನನಗೂ ಹೊಳೆಯಲಿಲ್ಲ. ಪರದೆಯನ್ನೇ ನೋಡುತ್ತಿದ್ದೆ. ಹಿಂದಿನಿಂದ ವಸುಧಾ ಬಂದು ನಿಂತಿದ್ದು ಗೊತ್ತಾಗಲಿಲ್ಲ. ಅವಳ ಕೈಯಲ್ಲಿ ಸೌಟು ಹಾಗೇ ಇತ್ತು.

"ರೀ, ನೀವೂ ಹೀಗೇ ಕೇಳ್ತಿದ್ರಿ."

"ಏನು?"

"ಕಾರಿನ ಕೀ. 'ವಸು, ಕಾರಿನ ಕೀ ಎಲ್ಲಿ?' ಅಂತ. ಅದೇ ಊರಲ್ಲಿ, ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಅದೊಂದೇ ಮಾತು. ಕೀ ಈ ಮನೇಲಿತ್ತು, ನಾವು ನೇಪಾಳದಲ್ಲಿದ್ವಿ." ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ. ಬಗ್ಗಿ ಫೋನಿಗೇ ಹೇಳಿದಳು: "ಗಿರೀಶ, ಅಂಕಲ್‌ನ ಎಬ್ಬಿಸಿ ನಡೆಸಪ್ಪ. ನೆಟ್ಟಗೆ, ಒಂದು ಗೆರೆ ಮೇಲೆ ನಡೆದ ಹಾಗೆ. ಮುಂದಿನ ಕಾಲಿನ ಹಿಮ್ಮಡಿ ಹಿಂದಿನ ಕಾಲಿನ ಬೆರಳಿಗೆ ತಾಗಬೇಕು."

ಅವರು ಎಬ್ಬಿಸಿದರು. ಅಂಕಲ್ ಒಂದು ಹೆಜ್ಜೆ ಇಟ್ಟರು. ಎರಡನೆಯದಕ್ಕೆ ಪಕ್ಕಕ್ಕೆ ವಾಲಿ ಬೀಳುವಂತಾದರು. ಬಸವರಾಜ್ ಹಿಡಿದು ಮತ್ತೆ ಮಂಚದ ಮೇಲೆ ಕೂರಿಸಿದರು.

"ಉಪವಾಸ ಅಲ್ವಾ ಆಂಟಿ, ನಿಶ್ಶಕ್ತಿ," ಎಂದ ಗಿರೀಶ.

"ಅಲ್ಲ," ಎಂದಳು ವಸುಧಾ. "ಇವರೂ ಹೀಗೇ ವಾಲಿದ್ರು. ಆ ದಿನ ನಮ್ಮ ಡ್ರೈವರ್ ಇದೇ ಥರ ನಡೆಸಿ ನೋಡಿ, ಒಂದು ನಿಮಿಷಾನೂ ಕಾಯದೆ ಕೆಳಗೆ ಕರ್ಕೊಂಡು ಹೋದ. ಈಗಲೇ ಇಳಿಸಿ."

ಬಸವರಾಜ್ ಫೋನಿನ ಹತ್ತಿರ ಬಂದರು. ಅವರ ಮುಖದಲ್ಲಿ ನಗುವಿರಲಿಲ್ಲ. "ಏನ್ರೀ ಸರ, ನಿಮ್ಮ ಪೇಪರ್ ನಂಬಿ ಬಂದೇವಿ. 'ಏನೂ ಆಗಲಿಲ್ಲ' ಅಂತ ನೀವ ಬರದೀರಿ. ಈಗ ನಿಮ್ಮ ಮನಿಯವರು ಹಿಂಗ ಅಂತಾರ. ಯಾವುದು ಖರೇ?"

ನನಗೆ ಆ ದಿನ ನೆನಪಿರಲಿಲ್ಲ. ಕಾರಿನ ಕೀಯೂ ಇಲ್ಲ, ವಾಲಿದ್ದೂ ಇಲ್ಲ. ನನ್ನ ತಲೆಯಲ್ಲಿ ಇದ್ದದ್ದು ಸಂಜೆ ತಲುಪಿದ್ದು, ಬೆಳಗ್ಗೆ ದರ್ಶನಕ್ಕೆ ಹತ್ತಿದ್ದು. ಮಧ್ಯೆ ಒಂದು ಸಣ್ಣ ಬಿರುಕೂ ಇರಲಿಲ್ಲ. ನನ್ನ ನೆನಪು ಒಂದು ಕಡೆ, ವಸುಧಾಳ ಮಾತು ಇನ್ನೊಂದು ಕಡೆ. ಬೇರೆ ದಿನವಾಗಿದ್ದರೆ "ನಿನಗೆ ಹೇಗೆ ಗೊತ್ತು?" ಎಂದು ಅವಳನ್ನೇ ಕೇಳುತ್ತಿದ್ದೆ. ಆದರೆ ಪರದೆಯ ಮೇಲೆ ಅಂಕಲ್ ಮೂರನೆಯ ಸಲ ಅದೇ ಪ್ರಶ್ನೆ ಕೇಳುತ್ತಿದ್ದರು.

"ಇವಳು ಹೇಳ್ತಿರೋದು ನಿಜ," ಎಂದೆ. "ನಾನು ಬರೆದಿದ್ದು ತಪ್ಪು. ಆ ಪೇಪರ್ ಹರಿದುಹಾಕಿ. ಬೆಳಗ್ಗೆ ತನಕ ಕಾಯಬೇಡಿ."

ಆಗ ಇನ್ನೊಂದು ವಿಷಯ ಹೊರಬಿತ್ತು. ಅವರ ಜೀಪಿನ ಡ್ರೈವರ್, ಅಲ್ಲಿಯವನೇ, ಮಧ್ಯಾಹ್ನದಿಂದ "ಬಾಬಾನ ಕೆಳಗೆ ಕರೆದುಕೊಂಡು ಹೋಗೋಣ" ಎಂದು ಹೇಳುತ್ತಲೇ ಇದ್ದನಂತೆ. ಅವನ ಊರು ಕೆಳಗೆ ಇದೆ, ಮನೆಗೆ ಹೋಗುವ ಆತುರಕ್ಕೆ ಹಾಗೆ ಹೇಳುತ್ತಿದ್ದಾನೆ ಎಂದು ಇವರು ತಿಳಿದಿದ್ದರು. ಈಗ ಅವನನ್ನು ಕರೆದ ತಕ್ಷಣ ಅವನು ಜೀಪು ಬಾಗಿಲಿಗೇ ತಂದು ನಿಲ್ಲಿಸಿದ.

ಆದರೆ ಅಂಕಲ್ ಏಳಲಿಲ್ಲ. ಮಂಚದ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮಾತು ತೊದಲುತ್ತಿತ್ತು, ಹಟ ಮಾತ್ರ ಸ್ಪಷ್ಟವಾಗಿತ್ತು. "ನಾನು ಬರಲ್ಲ. ನಾಳೆ ದರ್ಶನ. ಅವಳಿಗೆ ಮಾತು ಕೊಟ್ಟಿದೀನಿ." ಎತ್ತಿಕೊಂಡು ಹೋಗಲು ನೋಡಿದರೆ ಕೊಸರಾಡಿದರು. ಆ ವಯಸ್ಸಿನವರನ್ನು, ಆ ಸ್ಥಿತಿಯಲ್ಲಿ, ಬಲವಂತ ಮಾಡಲು ಎಲ್ಲರಿಗೂ ಹೆದರಿಕೆ.

"ರಘು ಹೇಳಲಿ," ಎಂದರು ಇದ್ದಕ್ಕಿದ್ದಂತೆ. "ಅವನು ಸುಳ್ಳು ಹೇಳಲ್ಲ. ಅವನನ್ನ ಕೇಳಿ."

ಗಿರೀಶ ಫೋನನ್ನು ಅವರ ಮುಖದ ಹತ್ತಿರ ಹಿಡಿದ. ಅವರ ಕಣ್ಣು ನನ್ನ ಮೇಲೆ ನೆಟ್ಟಂತೆಯೂ ಇತ್ತು, ನನ್ನನ್ನು ದಾಟಿ ಎಲ್ಲೋ ನೋಡಿದಂತೆಯೂ ಇತ್ತು. ಎತ್ತರದಲ್ಲಿ ಆಮ್ಲಜನಕ ಕಡಿಮೆ, ಅದರಿಂದ ಮಿದುಳು ಊದಿಕೊಳ್ಳುತ್ತದೆ, ಹೀಗೆ ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಒಂದೂ ಅವರಿಗೆ ತಲುಪಲಿಲ್ಲ. ಮತ್ತೆ ಕೇಳಿದರು: "ಸರೋಜ ಟಿಕೆಟ್ ತಗೊಂಡಳಾ?"

"ಅಂಕಲ್," ಎಂದೆ, "ಸರೋಜಾ ಆಂಟಿ ಕೆಳಗೆ ಇದಾರೆ. ಟಿಕೆಟ್ ತಗೊಂಡು ನಿಮಗೋಸ್ಕರ ಕಾಯ್ತಿದಾರೆ. ಬೇಗ ಹೋಗಿ."

"ಕೆಳಗಾ?"

"ಕೆಳಗೆ. ನಾನು ನೋಡಿದೆ."

ಅವರು ಮಂಚದ ಕಾಲು ಬಿಟ್ಟರು. "ಮೊದಲೇ ಹೇಳಬಾರ್ದಾ," ಎನ್ನುತ್ತ ಬಸವರಾಜ್ ಅವರ ಹೆಗಲ ಮೇಲೆ ಕೈ ಹಾಕಿ ಎದ್ದರು. ಅಷ್ಟರಲ್ಲಿ ಕರೆ ಕಡಿಯಿತು.

ಕೆಳಗಿನ ಜೋಮ್‌ಸೋಮ್ ಊರಿಗೆ ಒಂದೂವರೆ ಗಂಟೆ ದಾರಿ. ಅಲ್ಲಿ ಆಸ್ಪತ್ರೆ ಇದೆ. ಆ ಒಂದೂವರೆ ಗಂಟೆ ನಾನು ಕೂರಲಿಲ್ಲ. ಗ್ಯಾರೇಜಿನಿಂದ ಮೇಲ್‌ಬಾಕ್ಸ್‌ವರೆಗೆ, ಮೇಲ್‌ಬಾಕ್ಸ್‌ನಿಂದ ಗ್ಯಾರೇಜಿಗೆ ನಡೆದೆ. ನಾಯಿ ಕರೆದುಕೊಂಡು ಹೊರಟಿದ್ದ ಪಕ್ಕದ ಮನೆಯ ಅಮೆರಿಕನ್ ಮುದುಕ ಎಲ್ಲಾ ಸರಿಯಾಗಿದೆಯೇ ಎಂದು ಕೇಳಿದ. ತಲೆಯಾಡಿಸಿ ಮುಂದೆ ನಡೆದೆ.

ನಡೆಯುತ್ತಲೇ ಫೋನಿನಲ್ಲಿ ಹಳೆಯ ಫೋಟೊಗಳನ್ನು ತೆಗೆದೆ. ಅವುಗಳಲ್ಲಿ ದಿನಾಂಕ ಇತ್ತು. ರಾಣಿಪೌವಾದ ಹೋಟೆಲಿನ ಫಲಕದ ಮುಂದೆ ನಾವಿಬ್ಬರು. ಅದರ ಮರುದಿನ, ಹೋಟೆಲಿನ ಬೆಂಚಿನ ಮೇಲೆ ನಾನು. ಜಾಕೆಟ್ಟಿನ ಜೇಬುಗಳನ್ನೆಲ್ಲ ಹೊರಗೆ ಎಳೆದು ಏನೋ ಹುಡುಕುತ್ತಿದ್ದೇನೆ. ಮೊದಮೊದಲು ತಮಾಷೆ ಎಂದುಕೊಂಡು ವಸುಧಾ ತೆಗೆದದ್ದಂತೆ. ಆಮೇಲಿನ ಎರಡು ದಿನ ಬರೀ ಸೇಬಿನ ಮರಗಳು, ಮಾರ್ಫಾದ ಬಿಳಿ ಗೋಡೆಗಳು. ದೇವಸ್ಥಾನದ ಫೋಟೊ ಅದಕ್ಕೂ ಮರುದಿನದ್ದು. ಎರಡು ಸಲ ಹತ್ತಿದ್ದನ್ನು ನನ್ನ ತಲೆ ಒಂದು ಮಾಡಿ, ಮಧ್ಯದ್ದನ್ನು ತೆಗೆದುಹಾಕಿತ್ತು. ಬೆಂಚಿನ ಮೇಲಿದ್ದವನನ್ನು ತುಂಬ ಹೊತ್ತು ನೋಡಿದೆ. ಆ ಜಾಕೆಟ್ ಈಗಲೂ ನನ್ನ ಬೀರುವಿನಲ್ಲಿದೆ. ಅದರೊಳಗೆ ಇದ್ದ ಮನುಷ್ಯ ಮಾತ್ರ ನನಗೆ ಪರಿಚಯವೇ ಇಲ್ಲ.

ಹನ್ನೊಂದರ ಹೊತ್ತಿಗೆ ಗಿರೀಶನ ಕರೆ ಬಂತು. ತಲುಪಿದ್ದರು. ಅಂಕಲ್‌ಗೆ ಆಮ್ಲಜನಕ, ಔಷಧಿ ಕೊಡುತ್ತಿದ್ದರು. ಇಳಿಯುತ್ತ ಇಳಿಯುತ್ತ ಮಾತು ಸ್ವಲ್ಪ ಸರಿಯಾಗಿತ್ತಂತೆ. ಇನ್ನೊಂದು ರಾತ್ರಿ ಮೇಲೇ ಮಲಗಿಸಿದ್ದರೆ ಬೆಳಗ್ಗೆ ಏಳುತ್ತಿದ್ದರೆಂದು ಹೇಳಲಾರೆ ಎಂದರಂತೆ ಅಲ್ಲಿನ ಡಾಕ್ಟರ್. ಮತ್ತೆ ಮೇಲೆ ಹೋಗುವ ಮಾತೇ ಬೇಡ ಎಂದೂ ಹೇಳಿದರಂತೆ.

ಫೋನ್ ಇಟ್ಟ ಮೇಲೆ ವಸುಧಾಳನ್ನು ಕೇಳಿದೆ. "ಇಷ್ಟು ವರ್ಷ ನೀನು ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದೆ. ಮಾರ್ಫಾದಲ್ಲೇ ಹೇಳಿದ್ದೆ. ನೀವು ನಕ್ಕುಬಿಟ್ರಿ. ಆಮೇಲೆ ಒತ್ತಿ ಹೇಳೋಕೆ ಮನಸ್ಸು ಬರ್ಲಿಲ್ಲ. ಮಾವನವರು ಹೋಗಿ ಆಗಿನ್ನೂ ವರ್ಷ ಆಗಿರ್ಲಿಲ್ಲ."

ನನ್ನ ಅಪ್ಪ ಕೊನೆಯ ನಾಲ್ಕು ವರ್ಷ ನನ್ನನ್ನು ಗುರುತಿಸಲಿಲ್ಲ. ಕೇಳಿದ್ದನ್ನೇ ಕೇಳುತ್ತಿದ್ದರು. ನನಗೂ ಹಾಗಾದರೆ ಎಂಬ ಹೆದರಿಕೆ ನನ್ನೊಳಗೆ ಇದೆಯೆಂದು ನಾನು ಯಾರಿಗೂ ಹೇಳಿರಲಿಲ್ಲ. ಅವಳಿಗೆ ಹೇಳಬೇಕಾಗಿರಲಿಲ್ಲ.

ಮೇ ತಿಂಗಳಲ್ಲಿ ಅಂಕಲ್ ವಾಪಸ್ ಬಂದು ಚೇತರಿಸಿಕೊಂಡ ಮೇಲೆ ನಾವಿಬ್ಬರೂ ಪ್ಲೇನ್‌ಫೀಲ್ಡ್‌ಗೆ ಹೋದೆವು. ದಾರಿಯುದ್ದಕ್ಕೂ ಏನು ಹೇಳುವುದೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಬಾಗಿಲು ತೆಗೆದ ಮೊಮ್ಮಗಳು, "ತಾತಾ ಈಸ್ ಇನ್ ದಿ ಗರಾಜ್," ಎಂದು ಮೇಲೆ ಓಡಿದಳು. ಗ್ಯಾರೇಜಿನ ಬಾಗಿಲು ಪೂರ್ತಿ ಎತ್ತಿತ್ತು. ಅಂಕಲ್ ಮಡಚುವ ಕುರ್ಚಿಯಲ್ಲಿ ರಸ್ತೆ ನೋಡುತ್ತಾ ಕೂತಿದ್ದರು. ತೆಳ್ಳಗಾಗಿದ್ದರು.

"ಬಾರಯ್ಯ," ಎಂದರು. ವಸುಧಾಗೆ ಒಳಗಿನಿಂದ ಇನ್ನೊಂದು ಕುರ್ಚಿ ತರಲು ಹೇಳಿದರು. ಅವಳು ಹೋದ ಮೇಲೆ ನಾನು ಮಾತು ಶುರು ಮಾಡಿದೆ. ಪುಟಗಳ ಬಗ್ಗೆ, ಫೋಟೊಗಳ ಬಗ್ಗೆ, ನನ್ನ ತಪ್ಪಿನಿಂದ ಅವರ ದರ್ಶನ ಹೋಯಿತು ಎಂಬುದರ ಬಗ್ಗೆ. ಅವರು ಕೈ ಎತ್ತಿ ತಡೆದರು.

"ಅಲ್ಲಿ ಮೇಲೆ ಕಳೆದ ದಿನ ನಂಗೆ ಒಂದು ಚೂರೂ ನೆನಪಿಲ್ಲ. ಒಂದು ಬಿಟ್ಟು. ನಿನ್ನ ಮುಖ ಇತ್ತು, ಸಣ್ಣದಾಗಿ. ಸರೋಜ ಕೆಳಗೆ ಕಾಯ್ತಿದಾಳೆ, ನಾನು ನೋಡಿದೆ ಅಂದೆ ನೀನು."

ನಾನು ಅವರ ಕಾಲಿನ ಚಪ್ಪಲಿ ನೋಡುತ್ತಾ ಹೇಳಿದೆ: "ಸುಳ್ಳು ಹೇಳಿದೆ ಅಂಕಲ್. ನೀವು ಏಳ್ತಿರಲಿಲ್ಲ."

"ಗೊತ್ತು," ಎಂದರು. ರಸ್ತೆಯಲ್ಲಿ ಒಂದು ಅಂಚೆ ವಾಹನ ಮನೆಮನೆಗೂ ನಿಂತು ನಿಂತು ಹೋಯಿತು. "ಆಸ್ಪತ್ರೇಲಿ ಬುದ್ಧಿ ನೆಟ್ಟಗಾದ ತಕ್ಷಣ ಗೊತ್ತಾಯ್ತು. ಅವಳು ಹೋಗಿ ಒಂದು ವರ್ಷ ಆಯ್ತಲ್ಲ ಅಂತ. ಎರಡನೇ ಸಲ ಹೋದ ಹಾಗಾಯ್ತು ಕಣೋ. ನಿನ್ನ ಮೇಲೆ ಸಿಟ್ಟು ಬಂತು. ಆಮೇಲೆ ಯೋಚನೆ ಮಾಡಿದೆ. ಆ ಜೀಪಲ್ಲಿ ಇಳಿಯೋ ಅಷ್ಟು ಹೊತ್ತು ಅವಳು ಕಾಯ್ತಿದ್ದಳಲ್ಲ. ಅಷ್ಟು ಹೊತ್ತು ಇದ್ದಳಲ್ಲ."



ವಸುಧಾ ಕುರ್ಚಿ ತಂದು ಹಾಕಿಕೊಂಡಳು. ಅಂಕಲ್ ಅವಳ ಕಡೆ ತಿರುಗಿದರು. "ಡಾಕ್ಟರು ಇನ್ನು ಆ ಎತ್ತರಕ್ಕೆ ಹೋಗಲೇಬಾರ್ದು ಅಂದುಬಿಟ್ಟಿದಾರಮ್ಮ. ಹಾಗಾಗಿ ನಂಗೆ ಅದು ಇಷ್ಟೇ. ನೀವಿಬ್ಬರೂ ನೋಡಿದೀರಲ್ಲ, ಹೇಳಿ. ಹೇಗಿದೆ ಅಲ್ಲಿ?"

ನಾನು ಎಷ್ಟು ಮನೆಗಳಲ್ಲಿ ಎಷ್ಟು ಸಲ ಹೇಳಿದ ಕತೆ ಅದು. ಈಗ ಅದರ ಯಾವ ಭಾಗದ ಮೇಲೆ ಕಾಲಿಡುವುದೋ ಗೊತ್ತಾಗಲಿಲ್ಲ.

"ಗುಡಿ ಚಿಕ್ಕದು," ಎಂದಳು ವಸುಧಾ. "ಮೂರು ಅಂತಸ್ತಿನ ಛಾವಣಿ."

"ಹೌದು," ಎಂದೆ. "ಬಾಗಿಲಲ್ಲಿ ಕೆಂಪು ಬಟ್ಟೆ ಉಟ್ಟ ಒಬ್ಬಳು ಬೌದ್ಧ ಸನ್ಯಾಸಿನಿ ಕೂತಿದ್ದಳು."

"ಇಬ್ಬರು."

"ನನಗೆ ಒಬ್ಬಳೇ ನೆನಪು."

"ಹಾಗಾದ್ರೆ ಅದು ಬಿಡಿ," ಎಂದರು ಅಂಕಲ್. "ಇಬ್ಬರಿಗೂ ಖಂಡಿತವಾಗಿ ಗೊತ್ತಿರೋದನ್ನ ಮಾತ್ರ ಹೇಳಿ."

ಹಾಗೇ ಹೇಳಿದೆವು. ಒಬ್ಬರು ಹೇಳುವುದು, ಇನ್ನೊಬ್ಬರು ಒಪ್ಪುವುದು ಅಥವಾ ಅಲ್ಲವೆಂದು ತಲೆಯಾಡಿಸುವುದು. ಗುಡಿಯ ಹಿಂದೆ ಅರ್ಧ ಸುತ್ತಿನ ಗೋಡೆ. ಗೋಡೆಯಲ್ಲಿ ಸಾಲಾಗಿ ನೂರೆಂಟು ಹಿತ್ತಾಳೆಯ ಗೋಮುಖ. ಪ್ರತಿಯೊಂದರಿಂದಲೂ ಬೀಳುವ ನೀರು. ತಲೆ ಬಗ್ಗಿಸಿ ಅದರ ಕೆಳಗೆ ಓಡುವ ಜನ. ಹಿಂದೆ ಬಿಳಿ ಬೆಟ್ಟ, ಅದರ ಹೆಸರು ಇಬ್ಬರಿಗೂ ನೆನಪಿರಲಿಲ್ಲ, ಬಿಟ್ಟೆವು. ಅಂಕಲ್ ಕಣ್ಣು ಮುಚ್ಚಿ ಕೈ ಮುಗಿದುಕೊಂಡು ಕೇಳಿದರು. ನಾನು ಯಾವ ದೇವರ ಮುಂದೆಯೂ ಅಷ್ಟು ಎಚ್ಚರದಿಂದ ಮಾತಾಡಿದವನಲ್ಲ.

"ನೀರು ಹೇಗಿತ್ತು?" ಎಂದು ಕಣ್ಣು ಮುಚ್ಚಿಯೇ ಕೇಳಿದರು.

ನಾನೂ ವಸುಧಾಳೂ ಒಟ್ಟಿಗೇ ಹೇಳಿದೆವು: "ತುಂಬಾ ತಣ್ಣಗಿತ್ತು."

ಆ ಬೇಸಿಗೆಯಲ್ಲಿ ಪುಟಗಳನ್ನು ಹೊಸದಾಗಿ ಬರೆದೆ. ಈಗ ಯಾರಾದರೂ ಕೇಳಿದರೆ ಅದನ್ನೇ ಕೊಡುತ್ತೇನೆ. ವೀಸಾ, ನೋಟು, ದಿಂಬು ಎಲ್ಲ ಹಾಗೇ ಇದೆ. ಮೂರನೆಯ ಪುಟ ಮೊದಲನೆಯದಾಗಿದೆ. ಹೊರಡುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ. ಪೋಖರಾದಿಂದ ಒಂದೇ ದಿನ ಮೇಲೆ ಹೋಗಬೇಡಿ, ಮಾರ್ಫಾ ಅಥವಾ ಜೋಮ್‌ಸೋಮ್‌ನಲ್ಲಿ ಎರಡು ರಾತ್ರಿ ಕಳೆಯಿರಿ. ಏಕಾದಶಿ ಇದ್ದರೂ ನೀರು ಬಿಡಬೇಡಿ. ಅಷ್ಟು ದೂರ ಬಂದವರ ಮೇಲೆ ದೇವರು ಅದಕ್ಕಾಗಿ ಮುನಿಯಲಾರ ಎಂದು, ನಂಬದ ನಾನೇ ಬರೆದಿದ್ದೇನೆ. ತಲೆನೋವು ಜಾಸ್ತಿಯಾದರೆ ಮಲಗಿ ನೋಡೋಣ ಎನ್ನಬೇಡಿ. ಜೊತೆಯವರು ಕೇಳಿದ್ದನ್ನೇ ಕೇಳುತ್ತಿದ್ದರೆ, ನಡೆಯುವಾಗ ವಾಲುತ್ತಿದ್ದರೆ, ಅದು ಭಕ್ತಿಯೂ ಅಲ್ಲ, ಆಯಾಸವೂ ಅಲ್ಲ. ಹಗಲಿರಲಿ ರಾತ್ರಿಯಿರಲಿ, ಆ ಕ್ಷಣವೇ ಕೆಳಗೆ ಇಳಿಸಿ. ಅಲ್ಲಿನ ಡ್ರೈವರ್ ಇಳಿಯೋಣ ಎಂದರೆ ಅವನ ಮಾತು ಕೇಳಿ, ನನ್ನಂಥವರು ಬರೆದುಕೊಟ್ಟ ಪುಟ ನೋಡಬೇಡಿ.

ಈ ಬರಹವನ್ನೂ ವಸುಧಾಗೆ ಓದಲು ಕೊಟ್ಟೆ. ಎರಡು ಕಡೆ ತಿದ್ದಿದಳು. ಗಿರೀಶನ ಕರೆ ಬಂದಾಗ ತನ್ನ ಕೈಯಲ್ಲಿ ಇದ್ದದ್ದು ಸೌಟಲ್ಲ, ಚಾಕು ಎನ್ನುತ್ತಾಳೆ. ಅಂಕಲ್ ಗ್ಯಾರೇಜಿನಲ್ಲಿ ಕೈ ಮುಗಿದಿರಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡಿದ್ದರು ಎನ್ನುತ್ತಾಳೆ. ನನಗೆ ಮುಗಿದ ಕೈಗಳೇ ಕಾಣುತ್ತವೆ. ನನ್ನದನ್ನು ಅಳಿಸಲಿಲ್ಲ, ಅವಳದನ್ನೂ ಇಲ್ಲಿ ಬರೆದಿದ್ದೇನೆ. ನೀರು ತಣ್ಣಗಿತ್ತು ಎಂಬಲ್ಲಿ ಮಾತ್ರ ಅವಳು ಏನೂ ತಿದ್ದಲಿಲ್ಲ.